ಫೋರ್ಕ್‌ಲಿಫ್ಟ್ ತಿರುಗುವ ಜಾಗದಲ್ಲಿ ನೆಲದ ಗುರುತುಗಳು ನಿಲ್ಲುತ್ತಿಲ್ಲ: ಯಾವುದನ್ನು ಹಾಕಿಸಬೇಕು?

ಉಗ್ರಾಣ_ನೆಲಮಂಗಲ:
ನಮ್ಮ ಉಗ್ರಾಣದಲ್ಲಿ ಬ್ಯಾಟರಿ ಫೋರ್ಕ್‌ಲಿಫ್ಟ್‌ಗಳೂ ಪ್ಯಾಲೆಟ್ಟನ್ನು (ಸರಕು ಜೋಡಿಸುವ ಹಲಗೆ) ಎತ್ತಿ ಕೈಯಿಂದ ಎಳೆಯುವ ಹ್ಯಾಂಡ್ ಪ್ಯಾಲೆಟ್ ಟ್ರಕ್‌ಗಳೂ ದಿನವಿಡೀ ಓಡಾಡುತ್ತವೆ. ಕಾಲ್ದಾರಿಯ ಹಳದಿ ಪಟ್ಟೆ, ‘ನಿಲ್ಲಿ’ ಎಂಬ ಕೆಂಪು ವೃತ್ತ ಎಲ್ಲವನ್ನೂ ವಿನೈಲ್ ಸ್ಟಿಕ್ಕರ್‌ನಲ್ಲೇ ಮಾಡಿಸಿದ್ದೆವು. ನೇರ ದಾರಿಯಲ್ಲಿರುವವು ಇನ್ನೂ ಚೆನ್ನಾಗಿವೆ. ಆದರೆ ಲೋಡಿಂಗ್ ಬಾಗಿಲಿನ ಎದುರು ಅಂಟಿಸಿದ್ದವು ಕೆಲವೇ ವಾರಗಳಲ್ಲಿ ಅಂಚಿನಿಂದ ಎದ್ದು, ಸುಕ್ಕುಗಟ್ಟಿ, ಚಕ್ರಕ್ಕೇ ಸುತ್ತಿಕೊಂಡವು. ನೆಲ ಬರೀ ಕಾಂಕ್ರೀಟು. ಇನ್ನೂ ದಪ್ಪದ ಟೇಪು ತರಿಸಬೇಕೆ, ಎಪಾಕ್ಸಿ ಬಣ್ಣ ಬಳಿಸಬೇಕೆ? ಬಣ್ಣವಾದರೆ ಬಾಗಿಲನ್ನು ಎಷ್ಟು ದಿನ ಮುಚ್ಚಬೇಕಾದೀತು?

ಸುರಕ್ಷತೆ_ಪೀಣ್ಯ:
ನೇರವಾಗಿ ಉರುಳುವ ಚಕ್ರ ಸ್ಟಿಕ್ಕರನ್ನು ನೆಲಕ್ಕೆ ಒತ್ತುತ್ತದೆ, ಅದರಿಂದ ಹೆಚ್ಚು ಹಾನಿಯಿಲ್ಲ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಭಾರ ಹೊತ್ತು ನಿಂತಲ್ಲೇ ತಿರುಗಿದಾಗ ಆ ಚಕ್ರ ನೆಲವನ್ನು ಅಡ್ಡಡ್ಡಲಾಗಿ ಉಜ್ಜುತ್ತದೆ, ಅಂಟು ಎಷ್ಟೇ ಗಟ್ಟಿಯಿದ್ದರೂ ಈ ಎಳೆತಕ್ಕೆ ಬಹಳ ಕಾಲ ತಡೆಯುವುದಿಲ್ಲ. ಆದ್ದರಿಂದ ನೇರ ದಾರಿಗೆ ಸುಮಾರು 1 ಮಿ.ಮೀ. ದಪ್ಪದ, ಅಂಚನ್ನು ಇಳಿಜಾರಾಗಿ ಕತ್ತರಿಸಿದ ಟೇಪು ಸಾಕು. ಅಂಚು ನೆಟ್ಟಗಿದ್ದರೆ ಹ್ಯಾಂಡ್ ಪ್ಯಾಲೆಟ್ ಟ್ರಕ್ಕಿನ ಸಣ್ಣ ಚಕ್ರ ಅದಕ್ಕೇ ಬಡಿಯುತ್ತದೆ. ತಿರುಗುವ ಜಾಗಕ್ಕೆ ಮಾತ್ರ ಬಣ್ಣವೇ ಸರಿ. ಇನ್ನೊಂದು ಮಾತು: ಮೊಳೆ ಎದ್ದ ಮರದ ಪ್ಯಾಲೆಟ್ಟನ್ನು ಎತ್ತದೆ ತಳ್ಳಿಕೊಂಡು ಹೋಗುವ ಅಭ್ಯಾಸ ನಿಮ್ಮಲ್ಲಿದ್ದರೆ, ಮೊದಲು ಅದನ್ನು ನಿಲ್ಲಿಸಿ, ಅದರ ಮುಂದೆ ಬಣ್ಣವೂ ಉಳಿಯದು.

ನೆಲಗೆಲಸ:
ಬಣ್ಣ ಏಳುವುದಕ್ಕೆ ಬಹುಪಾಲು ಕಾರಣ ಬಣ್ಣವಲ್ಲ, ಅದರ ಕೆಳಗಿನ ನೆಲ. ನಯವಾಗಿ ಪಾಲಿಶ್ ಆದ ಕಾಂಕ್ರೀಟಿಗೆ ಎಪಾಕ್ಸಿ ಹಿಡಿಯುವುದಿಲ್ಲ; ಎಣ್ಣೆಯನ್ನು ಡಿಗ್ರೀಸರ್‌ನಿಂದ ತೊಳೆದು, ಡೈಮಂಡ್ ಗ್ರೈಂಡರಿನಿಂದ ಮೇಲ್ಪದರವನ್ನು ತರಿಯಾಗಿಸಿ, ಧೂಳನ್ನು ವ್ಯಾಕ್ಯೂಮಿನಿಂದ ಪೂರ್ತಿ ಎಳೆಸಬೇಕು. ಅದಾದ ಮೇಲೆ ತೇವ ನೋಡಿ: ಸುಮಾರು 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಬಿಗಿದು 16 ಗಂಟೆ ಬಿಟ್ಟಾಗ, ಒಳಗೆ ಹನಿ ಕಟ್ಟಿದರೆ ಅಥವಾ ಕಾಂಕ್ರೀಟು ಕಪ್ಪಾದರೆ ಬಣ್ಣ ಬಳಿಯಬೇಡಿ. ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು.

ರಾಳ, ಗಟ್ಟಿಕಾರಕ ಎಂಬ ಎರಡು ಘಟಕ ಬೆರೆಸಿ ಬಳಿಯುವ ಎಪಾಕ್ಸಿಯ ಮೇಲೆ ಮರುದಿನ ನಡೆದಾಡಬಹುದು, ಆದರೆ ಫೋರ್ಕ್‌ಲಿಫ್ಟ್ ಬಿಡಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಅಷ್ಟು ದಿನ ಮುಚ್ಚಲಾಗದಿದ್ದರೆ ಪಾಲಿಆಸ್ಪಾರ್ಟಿಕ್ ಲೇಪನ ಕೇಳಿ: ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಬೆಲೆ ಹೆಚ್ಚು, ಬಳಿಯುವವನ ಕೈಯೂ ಚುರುಕಾಗಿರಬೇಕು. ಬಿಸಿಲು ಬೀಳುವ ಬಾಗಿಲಿನ ಬಳಿ ಬರೀ ಎಪಾಕ್ಸಿ ಹಳದಿಗಟ್ಟುವುದರಿಂದ, ಅಕ್ಷರ ಮತ್ತು ಚಿಹ್ನೆಗಳ ಮೇಲೆ ಪಾರದರ್ಶಕ ಪಾಲಿಯುರೆಥೇನ್ ಒಂದು ಕೋಟ್ ಹಾಕಿಸುವುದು ಒಳ್ಳೆಯದು.

ಉಗ್ರಾಣ_ನೆಲಮಂಗಲ:
ಧನ್ಯವಾದಗಳು. ಮಾಡಿನಿಂದ ಬೆಳಕು ಬಿಟ್ಟು ನೆಲದ ಮೇಲೆ ಚಿಹ್ನೆ ಮೂಡಿಸುವ ಎಲ್‌ಇಡಿ ಪ್ರೊಜೆಕ್ಟರ್ ಬಗ್ಗೆ ಒಬ್ಬ ಮಾರಾಟಗಾರರು ಹೇಳುತ್ತಿದ್ದಾರೆ. ಅದು ಸವೆಯುವುದೇ ಇಲ್ಲವಲ್ಲ?

ಸುರಕ್ಷತೆ_ಪೀಣ್ಯ:
ಸವೆಯದು ನಿಜ, ಆದರೆ ಬಾಗಿಲು ತೆರೆದು ಹಗಲು ಬೆಳಕು ಒಳಬಂದರೆ ಚಿಹ್ನೆ ಮಸುಕಾಗುತ್ತದೆ, ಕರೆಂಟು ಹೋದರೆ ಮಾಯವೇ ಆಗುತ್ತದೆ. ಒಳಗಿನ ಮಬ್ಬು ಅಡ್ಡದಾರಿಗಳಿಗೆ ಅದು ಹೊಂದುತ್ತದೆ. ನಿಮ್ಮ ಬಾಗಿಲಿಗೆ ಬೇಡ. ಅಲ್ಲಿ ‘ನಿಲ್ಲಿ’ ವೃತ್ತವನ್ನು ಚಕ್ರ ತಿರುಗುವ ಜಾಗಕ್ಕಿಂತ ಎರಡು ಮೂರು ಮೀಟರ್ ಹಿಂದಕ್ಕೆ ಸರಿಸಿ ಬಣ್ಣದಲ್ಲಿ ಬರೆಸಿ, ಚಾಲಕನಿಗೂ ಅದು ಮೊದಲೇ ಕಾಣುತ್ತದೆ.