ಪದ ಬೇಕು, ತುರ್ತು: ಬ್ಯಾಟರಿಯ ‘ಅಟಾನಮಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಶರಾವತಿ ಹಿನ್ನೀರಿನ ಆಚೆ ಒಂದು ಗುಡ್ಡದ ತಲೆಯಲ್ಲಿ ನಾವು ಕೆಲವರು ಸೇರಿ ವೈರ್‌ಲೆಸ್ ರಿಲೇ ಇಟ್ಟಿದ್ದೇವೆ. ಕೆಳಗಿನ ಮನೆಗಳಿಗೆ ಇಂಟರ್ನೆಟ್ ಹೋಗುವುದು ಅಲ್ಲಿಂದಲೇ. ಕರೆಂಟ್ ಕಂಬ ಅಲ್ಲಿಯವರೆಗೆ ಬಂದಿಲ್ಲ. ಹಾಗಾಗಿ ಸೋಲಾರ್ ಪ್ಯಾನೆಲ್, ಎರಡು ಬ್ಯಾಟರಿ. ನೋಡಿಕೊಳ್ಳುವವರು ಊರಿನವರೇ. ಅವರಿಗಾಗಿ ಬ್ಯಾಟರಿ ಪೆಟ್ಟಿಗೆಗೆ ಒಂದು ಬೋರ್ಡ್ ಬರೆಯುತ್ತಿದ್ದೇನೆ, ಗುರುವಾರ ಪ್ರಿಂಟಿಗೆ ಕೊಡಬೇಕು.

ಸಿಕ್ಕಿಕೊಂಡಿರುವುದು ‘ಅಟಾನಮಿ’ ಹತ್ತಿರ. ಬಿಸಿಲೇ ಬೀಳದಿದ್ದರೂ ಬ್ಯಾಟರಿ ಎಷ್ಟು ದಿನ ನಡೆಸುತ್ತದೆ ಅನ್ನುವ ಲೆಕ್ಕ. ನಮ್ಮ ರೇಡಿಯೋ 8 ವಾಟ್ ಎಳೆಯುತ್ತದೆ, ದಿನಕ್ಕೆ 192 ವಾಟ್-ಅವರ್. 12 ವೋಲ್ಟ್, 100 ಆಂಪ್-ಅವರ್‌ನ ಎರಡು ಲೆಡ್-ಆಸಿಡ್ ಬ್ಯಾಟರಿಯಲ್ಲಿ ಕಾಗದದ ಮೇಲೆ 2,400 ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತವೆ, ಹಾಗಾಗಿ ಕೈಗೆ ಸಿಗುವುದು 1,200. ಆರು ದಿನ. ಪುನರ್ವಸು, ಪುಷ್ಯ ಮಳೆಯಲ್ಲಿ ಅದೂ ಸಾಲದು, ಇರಲಿ.

ನಿಘಂಟು ‘ಸ್ವಾಯತ್ತತೆ’ ಅನ್ನುತ್ತದೆ. ‘ಸ್ವಾಯತ್ತತೆ: 6 ದಿನ’ ಅಂತ ಬರೆದು, ಬೀಗದ ಕೈ ಇಟ್ಟುಕೊಂಡಿರುವ ಅಜ್ಜನಿಗೆ ತೋರಿಸಿದೆ. ‘ಏಳನೇ ದಿನ ಯಾರ ಕೈಕೆಳಗೆ ಹೋಗುತ್ತೆ?’ ಅಂದರು.

---

ಸ್ವಾಯತ್ತತೆ ಕಾಲೇಜುಗಳಿಗೆ ಇರಲಿ. ‘ಬಾಳಿಕೆ’ ಅನ್ನಿ, ಮುಗೀತು. ಹಳಗನ್ನಡದ ಬಾೞ್, ತಮಿಳಿನ ವಾೞ್, ನೂರಕ್ಕೆ ನೂರು ನಮ್ಮದು. (ಆ ೞ ಬಿಟ್ಟುಕೊಟ್ಟ ದಿನವೇ ನಮ್ಮ ಕಥೆ ಶುರುವಾಯಿತು. ಯಾರೂ ಕೇಳುವುದಿಲ್ಲ.) ಅದಕ್ಕಿಂತ ಮೊದಲು ಆ ‘ಸೋಲಾರ್’, ‘ವೈರ್‌ಲೆಸ್’ ಅಳಿಸಿ. ನೇಸರು ಇದೆ, ನಿಸ್ತಂತು ಇದೆ. ಬೋರ್ಡಿನಲ್ಲಿ ಕ್ರಿಯಾಪದ ಒಂದೇ ಕನ್ನಡ ಆದರೆ ಹೇಗೆ?

---

> ‘ಬಾಳಿಕೆ’ ಅನ್ನಿ, ಮುಗೀತು.

ಮುಗೀಲಿಲ್ಲ. ಬಾಳಿಕೆ ಅಂದರೆ ವರ್ಷದ ಲೆಕ್ಕ. ‘ಬಾಳಿಕೆ: 6 ದಿನ’ ಅಂತ ಓದಿದವರು ವಾರಕ್ಕೊಂದು ಹೊಸ ಬ್ಯಾಟರಿ ತರಬೇಕು ಅಂದುಕೊಳ್ಳುತ್ತಾರೆ. ಇಲ್ಲಿ ಬೇಕಾಗಿರುವುದು ‘ತಾಳಿಕೆ’. ಎರಡೂ ಇಕೆ ಹಚ್ಚಿದ ಭಾವನಾಮ, ಆದರೆ ಒಂದೇ ಅಲ್ಲ. ಒಂದೇ ಆಗಿದ್ದರೆ ‘ತಾಳಿದವನು ಬಾಳಿಯಾನು’ ಅನ್ನುವ ಗಾದೆಯಲ್ಲಿ ಹುರುಳೇ ಇರುತ್ತಿರಲಿಲ್ಲ. ಲೆಡ್-ಆಸಿಡ್‌ನಲ್ಲಂತೂ ಗಾದೆ ಉಲ್ಟಾ: ಕೊನೇ ಹನಿವರೆಗೆ ತಾಳಿಸಿದರೆ ಬಾಳುವುದಿಲ್ಲ. ಅದಕ್ಕೇ ಈ ಎರಡು ಪದ ಬೇರೆ ಬೇರೆ ಇರಲೇಬೇಕು.

ಇನ್ನು ನಿಸ್ತಂತು. ನಿಸ್ಸೂ ಸಂಸ್ಕೃತ, ತಂತುವೂ ಸಂಸ್ಕೃತ. ಇಂಗ್ಲಿಷಿನಿಂದ ತಂದ ಸಾಲಕ್ಕೆ ಮಾತ್ರ ಬಡ್ಡಿಯೇ? ‘ಬ್ಯಾಟರಿ’ ಇಂಗ್ಲಿಷರಿಗೂ ಫ್ರೆಂಚಿನ ಸಾಲ. ತೋಪುಗಳ ಸಾಲಿಗೆ ಹೇಳುತ್ತಿದ್ದ ಮಾತನ್ನು ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಸಾಲಾಗಿ ಜೋಡಿಸಿದ ಲೇಡನ್ ಜಾಡಿಗಳಿಗೆ (ವಿದ್ಯುತ್ ಕೂಡಿಡುವ ಗಾಜಿನ ಜಾಡಿಗಳಿಗೆ) ಬಳಸಿದ. ಅವರು ಬಳಸಿ ಬಳಸಿ ತಮ್ಮದು ಮಾಡಿಕೊಂಡರು, ನಾವೂ ಅಷ್ಟೇ. ನಮ್ಮ ಕಡೆ ‘ಬ್ಯಾಟ್ರಿ ತಗೊಂಡು ಹೋಗು, ಹಾವಿರುತ್ತೆ’ ಅಂದರೆ ಟಾರ್ಚು. ಪೇಟೆಯಲ್ಲಿ ‘ಮನೆಗೆ ಸೋಲಾರ್ ಹಾಕಿಸಿದ್ದೇವೆ’ ಅಂದರೆ ಸ್ನಾನದ ಬಿಸಿನೀರು. ಇವು ಕನ್ನಡ ಅಲ್ಲದೆ ಇನ್ನೇನು?

---

ತಾಳಿಕೆ ಅಂದರೆ ಸಹನೆ. ಬ್ಯಾಟರಿಗೆ ಸಹನೆಯೇ? ಟಾರ್ಚಿಗೆ ಬ್ಯಾಟ್ರಿ ಅನ್ನುವುದು ಅಪಭ್ರಂಶ, ಅದನ್ನು ಸಾಕ್ಷಿ ಅಂತ ತರಬೇಡಿ. ನೇಸರಿನ ಬಗ್ಗೆ ನೀವು ಉತ್ತರವನ್ನೇ ಕೊಟ್ಟಿಲ್ಲ.

---

ಮೂರು ದಿನ ಮಳೆಯಲ್ಲಿ ಕೊಡೆ ತಾಳುತ್ತದೆ, ತೂಕಕ್ಕೆ ಹಗ್ಗ ತಾಳುತ್ತದೆ. ಅವಕ್ಕೂ ಸಹನೆ ಇದೆಯೇನೋ. ನೇಸರಿಗೆ ನನ್ನ ತಕರಾರಿಲ್ಲ. ಮೊದಲು ನಿಮ್ಮ ಮನೆ ಗೀಸರ್ ರಿಪೇರಿಯವನ ಹತ್ತಿರ ‘ನೇಸರ್ಗಾಯಿಸುಗ’ ಕೆಟ್ಟಿದೆ ಅಂತ ಹೇಳಿ ನೋಡಿ.

---

ಪ್ರಶ್ನೆ ಕೇಳಿದವನು ನಾನು. ದಯವಿಟ್ಟು ಗೀಸರ್ ಬೇರೆ ಎಳೆಯಲ್ಲಿ ಚರ್ಚಿಸಿ.

‘ತಾಳಿಕೆ: 6 ದಿನ’ ಅಂತ ಬರೆದೆ. ಅಜ್ಜ ಓದಿ, ‘ತಾಳುತ್ತೆ ಅಂತ ನೆಟ್ಟಗೆ ಬರೆಯೋಕೇನು?’ ಅಂದರು. ಸರಿ, ನಾಮಪದವೇ ಬೇಡ ಅಂತ ಬಿಟ್ಟೆ. ಈಗ ಹೀಗಿದೆ: ‘ಬಿಸಿಲು ಬೀಳದಿದ್ದರೆ ಈ ಬ್ಯಾಟರಿ 6 ದಿನ ತಾಳುತ್ತದೆ. ಕೆಂಪು ದೀಪ ಬಂದರೆ ಪ್ಯಾನೆಲ್ ಮೇಲಿನ ಎಲೆ, ಪಾಚಿ ಒರೆಸಿ.’ ತಾಳಿಕೆಯನ್ನು ಕೈಪಿಡಿಯಲ್ಲಿ ಬಳಸುತ್ತೇನೆ, ಬಾಳಿಕೆ ಅದರ ಪಕ್ಕದಲ್ಲೇ ಇರುತ್ತದೆ.

ಕೊನೆಗೆ ‘ರಿಲೇ ನಿಂತರೆ ಫೋನ್ ಮಾಡಿ’ ಅಂತ ಇನ್ನೊಂದು ಸಾಲಿತ್ತು. ಅಜ್ಜನೇ ತೆಗೆಸಿದರು. ಅದು ನಿಂತರೆ ಅಲ್ಲಿ ಫೋನೂ ಹೋಗುವುದಿಲ್ಲವಂತೆ.