ಕಾಲುಗುರಿನ ಫಂಗಸ್ ಕ್ಲೇಮ್‌ಗಳೆಲ್ಲ ಡಿನೈ ಆಗುತ್ತಿವೆ, ನೋಟ್‌ನಲ್ಲಿ ಏನು ನೋಡಬೇಕು?

ಎರಡು ವಾರದಿಂದ ಅಮೆರಿಕದ ಪೊಡಿಯಾಟ್ರಿ (ಪಾದದ ಚಿಕಿತ್ಸೆ) ಚಾರ್ಟ್ ಓದಿ ಬಿಲ್‌ಗೆ ಕೋಡ್ ಹಾಕುತ್ತಿದ್ದೇನೆ, ಮೊದಲು ರೇಡಿಯಾಲಜಿಯಲ್ಲಿದ್ದೆ. ಡಾಕ್ಟರ್ ಬರೆಯುವುದು ಒಂದೇ ಸಾಲು: ‘ಒನಿಕೋಮೈಕೋಸಿಸ್, ಉಗುರು ಡಿಬ್ರೈಡ್ ಮಾಡಿದೆ.’ ನಾನು ಬಿ35.1 (ಒನಿಕೋಮೈಕೋಸಿಸ್, ಅಂದರೆ ಉಗುರಿನ ಫಂಗಸ್‌ನ ಕೋಡ್) ಮತ್ತು 11721 (ಡಿಬ್ರೈಡ್, ಅಂದರೆ ಕೆಟ್ಟ ಉಗುರನ್ನು ಕೆರೆದು ತೆಳುವಾಗಿಸಿದ್ದರ ಕೋಡ್) ಹಾಕಿ ಕಳಿಸುತ್ತೇನೆ. ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ವಾಪಸ್ ಕಳಿಸುತ್ತದೆ. ಕೋಡ್ ಎರಡೂ ಸರಿಯೇ ಅಲ್ವಾ? ಅನುಭವ ಇರುವವರು ಹೇಳಿ.

—

ಏನಾಗಿದೆ, ಏನು ಮಾಡಿದರು ಎರಡೂ ಬಂತು. ಯಾಕೆ ಮಾಡಿದರು ಅನ್ನೋದು ಎಲ್ಲಿ?

ಉಗುರಿನ ಕೆಲಸ ಮೆಡಿಕೇರ್ ಲೆಕ್ಕದಲ್ಲಿ ರೊಟೀನ್ ಫುಟ್ ಕೇರ್, ಅಂದರೆ ಮಾಮೂಲಿ ಪಾದದ ಆರೈಕೆ. ಸುಮ್ನೆ ದುಡ್ಡು ಕೊಡುವುದಿಲ್ಲ. ಕೊಡಬೇಕಾದರೆ ಎರಡು ದಾರಿ ಇದೆ. ಒಂದು, ಕಾಲಿಗೆ ರಕ್ತ ಸರಿಯಾಗಿ ಹೋಗದಂಥ ಅಥವಾ ಸ್ಪರ್ಶ ಕಮ್ಮಿಯಾಗುವಂಥ ಕಾಯಿಲೆ ಇರಬೇಕು, ಬೇರೆ ಯಾರೋ ಉಗುರು ಕತ್ತರಿಸಲು ಹೋದರೆ ಅಪಾಯ ಅನ್ನುವಷ್ಟು. ಇನ್ನೊಂದು, ಅಂಥ ಕಾಯಿಲೆ ಇಲ್ಲದಿದ್ದರೂ ದಪ್ಪಗಾದ ಆ ಉಗುರಿನಿಂದಲೇ ನೋವು, ನಡೆಯಲು ತುಂಬಾ ಕಷ್ಟ, ಇಲ್ಲವೇ ಮೇಲೊಂದು ಇನ್ಫೆಕ್ಷನ್ ಆಗಿರಬೇಕು. ನೋವು ಅಂತ ಬರೆದಿದ್ದರೆ ಬಲಗಾಲ ಬೆರಳಿಗೆ ಎಂ79.674, ಎಡಕ್ಕೆ ಎಂ79.675 ಸೇರಿಸಿ. ಬಿ35.1ರಲ್ಲಿ ಎಡ ಬಲ ಇಲ್ಲ, ಹಾಗಾಗಿ ಯಾವ ಕಾಲು ಅನ್ನೋದು ಈ ನೋವಿನ ಕೋಡ್‌ನಲ್ಲೇ ಗೊತ್ತಾಗುವುದು.

ಮೊದಲ ದಾರಿಯಲ್ಲಿ ಕ್ಯೂ ಮಾಡಿಫೈಯರ್ (ಕೋಡ್ ಜೊತೆ ಸೇರಿಸುವ ಗುರುತು) ಬೇಕು, ಪರೀಕ್ಷೆಯಲ್ಲಿ ಕಂಡ ಲಕ್ಷಣಗಳನ್ನು ಎ, ಬಿ, ಸಿ ಕ್ಲಾಸ್ ಮಾಡಿರುತ್ತಾರೆ. ಹೊಸಬರು ಎಡವುವುದು ಇಲ್ಲೇ. ಕ್ಯೂ7 ಅಂದರೆ ಒಂದು ಕ್ಲಾಸ್ ಎ: ಏಟು ಬೀಳದೆ, ಕಾಯಿಲೆಯಿಂದ ಪಾದ ಅಥವಾ ಅದರ ಮೂಳೆ ಭಾಗ ತೆಗೆದಿರುವುದು. ಕ್ಯೂ8 ಅಂದರೆ ಎರಡು ಕ್ಲಾಸ್ ಬಿ: ಡಾರ್ಸಾಲಿಸ್ ಪೀಡಿಸ್ (ಪಾದದ ಮೇಲ್ಭಾಗದ) ನಾಡಿ ಸಿಗದಿರುವುದು, ಪೋಸ್ಟೀರಿಯರ್ ಟಿಬಿಯಲ್ (ಕಣಕಾಲಿನ ಒಳಬದಿಯ) ನಾಡಿ ಸಿಗದಿರುವುದು, ಟ್ರೋಫಿಕ್ ಬದಲಾವಣೆ, ಈ ಮೂರರಲ್ಲಿ ಎರಡು. ಟ್ರೋಫಿಕ್ ಅಂತ ಲೆಕ್ಕಕ್ಕೆ ಬರಬೇಕಾದರೆ ಕೂದಲು ಉದುರಿರುವುದು, ಉಗುರು ದಪ್ಪ, ಚರ್ಮ ತೆಳ್ಳಗೆ ಹೊಳೆಯುವುದು, ಬಣ್ಣ ಬದಲಾಗಿರುವುದು ಹೀಗೆ ಮೂರಾದರೂ ಬರೆದಿರಬೇಕು. ಕ್ಯೂ9 ಅಂದರೆ ಒಂದು ಬಿ, ಜೊತೆಗೆ ಎರಡು ಸಿ. ಕಾಲು ತಣ್ಣಗಿರುವುದು, ಊತ, ಉರಿ, ಜುಮುಜುಮು, ನಡೆದರೆ ಮೀನಖಂಡ ಹಿಡಿಯುವುದು, ಇವೆಲ್ಲ ಸಿ. ಇದ್ಯಾವುದೂ ಅಸೆಸ್‌ಮೆಂಟ್‌ನಲ್ಲಿ (ಕಾಯಿಲೆ ಏನು ಅಂತ ಬರೆಯುವ ಭಾಗ) ಇರುವುದಿಲ್ಲ, ಎಕ್ಸಾಮ್ ಭಾಗದಲ್ಲಿ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಪೂರ್ತಿ ಓದಿ.

—

ಮೇಲಿನವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಡಯಾಬಿಟಿಸ್ ಇದ್ದರೆ, ಪೇಷಂಟ್ ಆ ಕಾಯಿಲೆಗೆ ತೋರಿಸುವ ಡಾಕ್ಟರನ್ನು ಕಳೆದ 6 ತಿಂಗಳೊಳಗೆ ನೋಡಿರಬೇಕು. ಆ ತಾರೀಕು ಮತ್ತು ಆ ಡಾಕ್ಟರ ಎನ್‌ಪಿಐ (ಗುರುತಿನ ಸಂಖ್ಯೆ) ಕ್ಲೇಮ್‌ನಲ್ಲಿ ಹೋಗಬೇಕು, ಕಾಗದದ ಫಾರ್ಮ್ ಆದರೆ 19ನೇ ಬಾಕ್ಸ್. ನನ್ನ ಹಳೇ ಟೀಮಿನಲ್ಲಿ ಅರ್ಧ ಡಿನೈಯಲ್ ಇದೊಂದಕ್ಕೇ ಬರುತ್ತಿತ್ತು, ನಾವು ಮಾತ್ರ ಡಯಾಗ್ನೋಸಿಸ್ ಹಿಂದೆ ಮುಂದೆ ಮಾಡುತ್ತಾ ಕೂತಿದ್ದೆವು!

ಹಿಂದಿನ ಸಲ ಯಾವಾಗ ಮಾಡಿದ್ದರು ಅಂತಲೂ ನೋಡಿ. 60 ದಿನ ಆಗುವ ಮೊದಲೇ ಮತ್ತೆ ಮಾಡಿದ್ದರೆ ಸಾಮಾನ್ಯವಾಗಿ ಹೋಗುವುದಿಲ್ಲ.

—

ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ. 11720 ಅಂದರೆ 1ರಿಂದ 5 ಉಗುರು, 11721 ಅಂದರೆ 6 ಅಥವಾ ಜಾಸ್ತಿ. ಎರಡೂ ಕಾಲು ಸೇರಿಸಿ ಎಣಿಸಬೇಕು. ಬಲಗಾಲಲ್ಲಿ 3, ಎಡಗಾಲಲ್ಲಿ 4 ಅಂತಿದ್ದಾಗ ನಾನು 11720 ಎರಡು ಸಲ ಹಾಕಿ ಬೈಸಿಕೊಂಡಿದ್ದೆ. ಅದು 11721, ಒಂದೇ ಯೂನಿಟ್.

ನೋಟ್‌ನಲ್ಲಿ ‘ಟ್ರಿಮ್’ ಅಂತ ಮಾತ್ರ ಇದ್ದರೆ ಡಿಬ್ರೈಡ್‌ಮೆಂಟ್ ಕೋಡ್ ಹಾಕಬೇಡಿ. ಚೆನ್ನಾಗಿರುವ ಉಗುರು ಕತ್ತರಿಸಿದ್ದಕ್ಕೆ 11719, ಕೆಟ್ಟ ಉಗುರಿಗೆ ಜಿ0127 ಬೇರೆಯೇ ಇವೆ. ಅದೇ ದಿನ ಆಣಿ ಕೂಡ ತೆಗೆದಿದ್ದರೆ ಅದು ಎಲ್ಲಿತ್ತು ಅಂತ ನೋಡಿ. ಉಗುರು ಡಿಬ್ರೈಡ್ ಮಾಡಿದ ಬೆರಳಿನ ತುದಿಯಲ್ಲೇ ಇದ್ದರೆ 59 ಮಾಡಿಫೈಯರ್ (ಇದು ಬೇರೆಯದೇ ಕೆಲಸ ಅನ್ನುವ ಗುರುತು) ಹಾಕಿ ಎರಡನ್ನೂ ಬೇರೆ ಬೇರೆಯಾಗಿ ಬಿಲ್ ಮಾಡಲು ಆಗುವುದಿಲ್ಲ.

‘ಫಂಗಸ್ ಇರಬಹುದು’ ಅಂತ ಬರೆದಿದ್ದರೆ ಬಿ35.1 ಬೇಡ, ಔಟ್‌ಪೇಷಂಟ್‌ನಲ್ಲಿ ಅನುಮಾನವನ್ನು ಕೋಡ್ ಮಾಡುವಂತಿಲ್ಲ. ಉಗುರು ಡಿಸ್ಟ್ರೋಫಿ (ಉಗುರು ವಿಕಾರವಾಗಿರುವುದು) ಅಂತ ಬರೆದಿದ್ದರೆ ಎಲ್60.3. ಉಗುರಿನ ಕ್ಯಾಂಡಿಡಾ ಅಂದರೆ ಬಿ37.2, ಅದೂ ಬೇರೆ.

—

ಆಡಿಟ್ ಕಡೆಯಿಂದ ಒಂದು ಕಥೆ. ಪೇಷಂಟ್‌ಗೆ ಎಡಗಾಲ ಹೆಬ್ಬೆರಳು ತೆಗೆದಿದ್ದಾರೆ, ಹಿಸ್ಟರಿಯಲ್ಲಿ ಇದೆ, ಆ ಬೆರಳು ಇಲ್ಲ ಅನ್ನುವ ಕೋಡ್ ಝಡ್89.412 ಕೂಡ ಬಿದ್ದಿದೆ, ಕ್ಯೂ7 ಹಾಕಿದ್ದಾರೆ. ಕೆಳಗೆ ಬಂದರೆ ‘ಹತ್ತೂ ಉಗುರು ದಪ್ಪ, ಹಳದಿ, ಕೆಳಗೆ ಪುಡಿ, ಹತ್ತನ್ನೂ ಡಿಬ್ರೈಡ್ ಮಾಡಿದೆ’! ಇಲ್ಲದ ಬೆರಳಿಗೆ ಉಗುರು ಎಲ್ಲಿಂದ ಬಂತು? ಹಿಂದಿನ ಮೂರು ವಿಸಿಟ್ ತೆಗೆದು ನೋಡಿದೆ, ಅಕ್ಷರ ಅಕ್ಷರ ಅದೇ. ಟೆಂಪ್ಲೇಟ್ ಕಾಪಿ. ಒಂಬತ್ತಾದರೂ ಹತ್ತಾದರೂ 11721 ತಾನೇ, ದುಡ್ಡು ಬದಲಾಗಲ್ಲ ಅಂತ ಕೋಡರ್ ವಾದ ಮಾಡಿದರು. ಆದರೆ ಆ ಒಂದು ಸಾಲು ಸುಳ್ಳಾದ ಮೇಲೆ ನಾಡಿ ನೋಡಿದ್ದು ನಿಜ ಅಂತ ಹೇಗೆ ನಂಬುವುದು? ನಾಲ್ಕೂ ವಿಸಿಟ್ ಫೇಲ್ ಮಾಡಬೇಕಾಯಿತು.

—

ಕೇಳಿದ್ದು ನಾನೇ. ವಾಪಸ್ ಬಂದ ನಾಲ್ಕು ಚಾರ್ಟ್ ಮತ್ತೆ ತೆಗೆದೆ. ಒಂದರಲ್ಲಿ ಎರಡೂ ನಾಡಿ ಸಿಗಲಿಲ್ಲ ಅಂತ ಎಕ್ಸಾಮ್‌ನಲ್ಲೇ ಇದೆ, ನಾನೇ ನೋಡಿರಲಿಲ್ಲ, ಕ್ಯೂ8 ಬಿಟ್ಟುಹೋಗಿತ್ತು. ಒಂದರಲ್ಲಿ ಆ 6 ತಿಂಗಳ ತಾರೀಕು ಇಲ್ಲ. ಉಳಿದೆರಡರಲ್ಲಿ ನಿಜಕ್ಕೂ ಏನೂ ಬರೆದಿಲ್ಲ. ‘ನೋವಿತ್ತು ಅಂತ ಸೇರಿಸುತ್ತೀರಾ’ ಅಂತ ಡಾಕ್ಟರ್‌ಗೆ ಕ್ವೆರಿ (ಬರಹದಲ್ಲಿ ಪ್ರಶ್ನೆ) ಕಳಿಸಲೇ?

—

ಅಯ್ಯೋ, ಹಾಗೆ ಕೇಳಬೇಡಿ, ಉತ್ತರ ನೀವೇ ಬಾಯಿಗೆ ಹಾಕಿದಂತೆ ಆಗುತ್ತದೆ. ‘ಆ ದಿನ ಉಗುರಿನಿಂದ ಪೇಷಂಟ್‌ಗೆ ತೊಂದರೆ ಇತ್ತೇ, ಇದ್ದರೆ ಏನು, ಯಾವ ಯಾವ ಬೆರಳು ಡಿಬ್ರೈಡ್ ಮಾಡಿದಿರಿ’ ಅಂತ ಕೇಳಿ. ಇರಲಿಲ್ಲ ಅಂತ ಉತ್ತರ ಬಂದರೆ ಅದು ಕವರ್ ಆಗುವುದಿಲ್ಲ, ಬಿಟ್ಟುಬಿಡಿ.