ಓವನ್ ಟ್ರಾನ್ಸ್‌ಫಾರ್ಮರ್‌ನಿಂದ ಮಾಡಿದ ಸ್ಪಾಟ್ ವೆಲ್ಡರ್: ಎಂಸಿಬಿ ಬೀಳುತ್ತದೆ, ಪಟ್ಟಿ ಹಿಡಿಯುತ್ತಿಲ್ಲ

ಭೋಸರಿ ಬ್ಯಾಟರಿ, ಪುಣೆ
ನಮಸ್ಕಾರ ಎಲ್ಲರಿಗೂ. ಊರು ವಿಜಯಪುರ, ಇರೋದು ಭೋಸರಿಯಲ್ಲಿ. ಮನೆಯ ಮೈಕ್ರೋವೇವ್ ಓವನ್ ಕೆಟ್ಟು ಕೂತಿತ್ತು. ರಿಪೇರಿಗೆ ಹೊಸದರ ಅರ್ಧ ಬೆಲೆ ಕೇಳಿದರು. ಬೇಡ ಅಂತ ನಾನೇ ಬಿಚ್ಚಿದೆ. ಒಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್ ತೆಗೆದು ಸ್ಪಾಟ್ ವೆಲ್ಡರ್ (ಕರೆಂಟ್ ಹರಿಸಿ ಚುಕ್ಕೆ ಚುಕ್ಕೆಯಾಗಿ ಬೆಸೆಯುವ ಯಂತ್ರ) ಮಾಡಿದ್ದೇನೆ. ಇ-ಸೈಕಲ್ ಬ್ಯಾಟರಿಗೆ 18650 ಅನ್ನೋ ಲಿಥಿಯಂ ಸೆಲ್ ಜೋಡಿಸಬೇಕು. ಪಟ್ಟಿ ನಿಕಲ್, 0.15 ಮಿ.ಮೀ.

ವಿಡಿಯೋ ನೋಡಿ ಕೋರ್‌ನ (ಸುರುಳಿಗಳು ಕೂತಿರುವ ಕಬ್ಬಿಣದ ಚೌಕಟ್ಟು) ವೆಲ್ಡಿಂಗ್ ಅನ್ನು ಗ್ರೈಂಡರ್‌ನಲ್ಲಿ ಕತ್ತರಿಸಿದೆ. ಹೈ ವೋಲ್ಟೇಜ್ ಹೊರಗೆ ಕೊಡುವ ಸೆಕೆಂಡರಿ ಸುರುಳಿ ತೆಗೆದೆ. ಅದರ ಜಾಗದಲ್ಲಿ 16 ಚದರ ಮಿ.ಮೀ. ಕೇಬಲ್ 2 ಸುತ್ತು ಹಾಕಿದೆ. ಆಮೇಲೆ ಎಂ-ಸೀಲ್ ಅಂಟು ಹಚ್ಚಿ ಕೋರ್ ಮುಚ್ಚಿ, ಕ್ಲಾಂಪ್ ಬಿಗಿದೆ. ಈಗ ಹತ್ತು ಸಲ ಸ್ವಿಚ್ ಹಾಕಿದರೆ ನಾಲ್ಕು ಸಲ 10 ಆಂಪಿಯರ್ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಬೀಳದೇ ಇದ್ದಾಗ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್‌ಗುಡುತ್ತದೆ. ಪಟ್ಟಿ ಹಿಡಿಯೋದಿಲ್ಲ. ಸ್ವಲ್ಪ ಕಪ್ಪಾಗುತ್ತದೆ ಅಷ್ಟೇ, ಉಗುರಲ್ಲಿ ಎಬ್ಬಿಸಿದರೆ ಕಿತ್ತು ಬರುತ್ತದೆ. ಎಲ್ಲಿ ತಪ್ಪಿದ್ದೇನೆ?

ಡೊಂಬಿವಲಿ ಮೆಕ್ಯಾನಿಕ್
ಮೊದಲು ಒಂದು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಓವನ್ ಬಿಚ್ಚಿದಾಗ ಕೆಪ್ಯಾಸಿಟರ್‌ನಲ್ಲಿ ಉಳಿದ ಚಾರ್ಜ್ ಖಾಲಿ ಮಾಡಿದ್ರಾ?

ಭೋಸರಿ ಬ್ಯಾಟರಿ
ಪ್ಲಗ್ ಕಿತ್ತು ಎರಡು ದಿನ ಆಗಿತ್ತು. ಅದಕ್ಕೇ ಮುಟ್ಟಿದೆ. ಏನೂ ಆಗಲಿಲ್ಲ.

ಡೊಂಬಿವಲಿ ಮೆಕ್ಯಾನಿಕ್
ನಿಮ್ಮ ಪುಣ್ಯ. ಅದರ ಮೇಲೆ 2100 ವೋಲ್ಟ್ ಎಸಿ, 1 ಮೈಕ್ರೋಫ್ಯಾರಡ್ ಅಂತ ಏನೋ ಬರೆದಿರುತ್ತದೆ. ಹೆಚ್ಚು ಕಡಿಮೆ ಎಲ್ಲ ಓವನ್‌ಗಳಲ್ಲೂ ಇದೇ ಲೆಕ್ಕ. ಒಳಗೆ 10 ಮೆಗಾಓಂ ರೆಸಿಸ್ಟರ್ ಇರುತ್ತದೆ, ಕರೆಂಟ್ ಹೋದ ಮೇಲೆ ಒಂದು ನಿಮಿಷದೊಳಗೆ ಅದೇ ಖಾಲಿ ಮಾಡಿಬಿಡಬೇಕು. ಆದರೆ ಆ ರೆಸಿಸ್ಟರ್ ಒಳಗೇ ಕಡಿದು ಹೋಗಿದ್ದರೆ ಹೊರಗಿಂದ ಗೊತ್ತಾಗೋದಿಲ್ಲ. ಚಾರ್ಜ್ ದಿನಗಟ್ಟಲೆ ಹಾಗೇ ಕೂತಿರಬಹುದು. ನಾನು ಓವನ್ ರಿಪೇರಿ ಮಾಡುತ್ತಾ 19 ವರ್ಷ ಆಯ್ತು. ಅಂಥದ್ದು ಎರಡು ಸಲ ಸಿಕ್ಕಿದೆ. ಎರಡನೇ ಸಲ ನನ್ನ ಸ್ಕ್ರೂಡ್ರೈವರ್ ತುದಿಯಲ್ಲಿ ಸಾಸಿವೆ ಗಾತ್ರದ ಗುಳಿ ಬಿತ್ತು. ಆ ಶಬ್ದಕ್ಕೆ ಕೆಳಗಿನ ಮನೆಯವರು ಮೇಲೆ ಬಂದರು.

ಸ್ಕ್ರೂಡ್ರೈವರ್ ಅಡ್ಡ ಇಡೋದು ಒಳ್ಳೆ ಅಭ್ಯಾಸವೂ ಅಲ್ಲ. 10 ಕಿಲೋಓಂನ ಐದಾರು ದಪ್ಪ ರೆಸಿಸ್ಟರ್ ಸಾಲಾಗಿ ಬೆಸೆದು, ಉದ್ದ ಪ್ಲಾಸ್ಟಿಕ್ ಕೋಲಿಗೆ ಕಟ್ಟಿ, ಒಂದು ತುದಿಗೆ ಮೊಸಳೆ ಕ್ಲಿಪ್ ಹಾಕಿಕೊಳ್ಳಿ. ಎರಡು ಟರ್ಮಿನಲ್ ನಡುವೆ ಒಮ್ಮೆ, ಆಮೇಲೆ ಒಂದೊಂದು ಟರ್ಮಿನಲ್‌ನಿಂದ ಓವನ್ನಿನ ಲೋಹದ ಮೈಗೆ ಒಮ್ಮೆ ಮುಟ್ಟಿಸಿ. ಮಲ್ಟಿಮೀಟರ್ ಇಟ್ಟು ನೋಡೋಣ ಅಂತ ಮಾತ್ರ ಹೋಗಬೇಡಿ. ನಮ್ಮ ನಿಮ್ಮ ಮೀಟರ್‌ಗಳ ಮಿತಿ 600 ಇಲ್ಲ 1000 ವೋಲ್ಟ್.

ಈಗ ನಿಮ್ಮ ವೆಲ್ಡರ್. ಹೊರೆ ಇಲ್ಲದೆ ಎಷ್ಟು ಆಂಪಿಯರ್ ಎಳೆಯುತ್ತದೆ? ಕ್ಲಾಂಪ್ ಮೀಟರ್ ಇದ್ದರೆ ನೋಡಿ ಹೇಳಿ. ಎಲೆಕ್ಟ್ರೋಡ್ ಎರಡೂ ದೂರ ಇರಲಿ, ಒಂದಕ್ಕೊಂದು ತಾಗಬಾರದು.

ಭೋಸರಿ ಬ್ಯಾಟರಿ
ಆಫೀಸಿನಿಂದ ಮೀಟರ್ ತಂದೆ. ಸುಮ್ನೆ ಆನ್ ಮಾಡಿದರೇ 9 ಆಂಪಿಯರ್! ಎರಡು ನಿಮಿಷಕ್ಕೆ ಪ್ರೈಮರಿ, ಅಂದರೆ ಮನೆ ಕರೆಂಟ್ ಸೇರುವ ಸುರುಳಿ, ಮುಟ್ಟಲಾಗದಷ್ಟು ಬಿಸಿ. ಸುರುಳಿ ಸುಟ್ಟಿದೆಯಾ?

ವಾಸ್ಕೋ ವೈರ್‌ಮ್ಯಾನ್, ಗೋವಾ
ಸುರುಳಿ ಅಲ್ಲ, ಎಂ-ಸೀಲ್. ಕೋರ್‌ನ ಎರಡು ಭಾಗದ ನಡುವೆ ಅದನ್ನು ಹಚ್ಚಿದ್ದೀರಿ ಅಲ್ವಾ? ಕಬ್ಬಿಣದಲ್ಲಿ ಕಾಂತ ಸರಾಗವಾಗಿ ಹರಿಯುತ್ತದೆ. ಅಂಟು ಅದಕ್ಕೆ ಗಾಳಿ ಇದ್ದ ಹಾಗೆ. ಒಂದು ಮಿ.ಮೀ. ಸಂದು ಬಿಟ್ಟರೂ ಅದನ್ನು ದಾಟಿಸೋಕೆ ಪ್ರೈಮರಿ ಹಲವು ಆಂಪಿಯರ್ ಜಾಸ್ತಿ ಎಳೆಯಬೇಕು. ಈ ಟ್ರಾನ್ಸ್‌ಫಾರ್ಮರ್‌ಗಳನ್ನು ಮೊದಲೇ ಕಬ್ಬಿಣ, ತಾಮ್ರ ಉಳಿಸಿ ಮಾಡಿರುತ್ತಾರೆ. ಫ್ಯಾನ್ ಗಾಳಿಯಲ್ಲಿ ಕೆಲವು ನಿಮಿಷ ಓಡಿದರೆ ಸಾಕು ಅನ್ನೋ ಲೆಕ್ಕ. ಸರಿ ಇದ್ದದ್ದೂ ಹೊರೆ ಇಲ್ಲದೆ 2–3 ಆಂಪಿಯರ್ ಎಳೆಯುತ್ತದೆ.

ಅಂಟು ಪೂರ್ತಿ ಕೆರೆದು ತೆಗೆಯಿರಿ. ಎರಡೂ ಮುಖವನ್ನು ಗಾಜಿನ ಮೇಲೆ ಮರಳು ಕಾಗದ ಇಟ್ಟು ಉಜ್ಜಿ. ಜೋಡಿಸಿದಾಗ ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ಕಾಣಬಾರದು. ಬಿಗಿಯಾಗಿ ಒತ್ತಿ, ಹಳೇ ಗೆರೆಯ ಮೇಲೇ ಸಣ್ಣದಾಗಿ ವೆಲ್ಡಿಂಗ್ ಹಾಕಿಸಿ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಮಾಡುವವರಿಗೆ ಬರವೇ?

ಮುಂದಿನ ಸಲ ಕೋರ್ ಕತ್ತರಿಸಲೇಬೇಡಿ. ಸೆಕೆಂಡರಿಯ ತಲೆಯನ್ನು ಎರಡೂ ಕಡೆ ಹ್ಯಾಕ್ಸಾದಲ್ಲಿ ಕೊಯ್ದು, ಉಳಿದದ್ದನ್ನು ಮರದ ತುಂಡು ಇಟ್ಟು ಹೊಡೆದರೆ ಹೊರಗೆ ಬೀಳುತ್ತದೆ. ಪ್ರೈಮರಿಯ ಮೇಲೆ ಒಂದು ಗೀರೂ ಬೀಳಬಾರದು. ಗೋಣಿಚೀಲದ ತುಂಡು ಮುಚ್ಚಿ ಕೆಲಸ ಮಾಡಿ.

ಡೊಂಬಿವಲಿ ಮೆಕ್ಯಾನಿಕ್
ವಾಸ್ಕೋದವರು ಹೇಳಿದ್ದು ಸರಿ. ವೆಲ್ಡಿಂಗ್ ಆದ ಮೇಲೆ ನೇರ ಪ್ಲಗ್‌ಗೆ ಹಾಕಬೇಡಿ. 100 ವಾಟ್‌ನ ಹಳೇ ಕಾಲದ ಬಲ್ಬ್ ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಮಂಕಾಗಿದ್ದರೆ ಅಥವಾ ಹತ್ತದೇ ಇದ್ದರೆ ಕ್ಷೇಮ. ಪೂರ್ತಿ ಉರಿದರೆ ಒಳಗೆ ಎಲ್ಲೋ ಸುತ್ತು ಶಾರ್ಟ್ ಆಗಿದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರೋದಿಲ್ಲ.

ಪಟ್ಟಿ ಹಿಡಿಯದಿರೋಕೆ ಕಾರಣ ಬೇರೆ. ಕೇಬಲ್ ಎಷ್ಟು ಉದ್ದ ಬಿಟ್ಟಿದ್ದೀರಿ? ಕೇಬಲ್ ತುದಿಯ ಲಗ್ (ಬೋಲ್ಟ್ ಹಾಕುವ ತಾಮ್ರದ ಕಿವಿ) ಹೇಗೆ ಕೂರಿಸಿದ್ದೀರಿ?

ಭೋಸರಿ ಬ್ಯಾಟರಿ
ಒಟ್ಟು 3 ಮೀಟರ್ ಇರಬಹುದು. ಟೇಬಲ್ ಪೂರ್ತಿ ಓಡಾಡಲಿ ಅಂತ ಬಿಟ್ಟೆ. ಲಗ್‌ಗೆ ಬೋಲ್ಟ್, ನಡುವೆ ಸ್ಟೀಲ್ ವಾಷರ್.

ಡೊಂಬಿವಲಿ ಮೆಕ್ಯಾನಿಕ್
ಲೆಕ್ಕ ಹಾಕಿ ನೋಡಿ. ಈ ಟ್ರಾನ್ಸ್‌ಫಾರ್ಮರ್‌ನಲ್ಲಿ ಸುತ್ತಿಗೆ ಸುಮಾರು 1 ವೋಲ್ಟ್ ಸಿಗುತ್ತದೆ. ನಿಮ್ಮದು 2 ಸುತ್ತು, ಅಂದರೆ 2 ವೋಲ್ಟ್. 16 ಚದರ ಮಿ.ಮೀ. ತಾಮ್ರಕ್ಕೆ ಮೀಟರಿಗೆ ಸುಮಾರು 1.1 ಮಿಲಿಓಂ. 3 ಮೀಟರಿಗೆ 3.3 ಆಯ್ತು. 500 ಆಂಪಿಯರ್ ಹರಿಯಬೇಕಾದರೆ ಕೇಬಲ್ ಒಂದೇ 1.6 ವೋಲ್ಟ್‌ಗಿಂತ ಜಾಸ್ತಿ ನುಂಗುತ್ತದೆ. ಪಟ್ಟಿಗೆ ಉಳಿಯೋದು ಚಿಲ್ಲರೆ. ನೀವು ವೆಲ್ಡ್ ಮಾಡುತ್ತಿಲ್ಲ, ಕೇಬಲ್ ಕಾಯಿಸುತ್ತಿದ್ದೀರಿ.

50 ಚದರ ಮಿ.ಮೀ. ತಗೊಳ್ಳಿ, ಸುತ್ತೂ ಸೇರಿ ಒಂದೂಕಾಲು ಮೀಟರ್ ಒಳಗೆ ಮುಗಿಸಿ. ಜಾಗ ಸಾಲದಿದ್ದರೆ ದಪ್ಪ ಹೊದಿಕೆ ಸುಲಿದು ತೆಳ್ಳನೆ ಶಾಖ ತಡೆಯುವ ಟೇಪ್ ಸುತ್ತಿ. ಸ್ಟೀಲ್ ವಾಷರ್ ಲಗ್‌ನ ಹೊರಗಡೆ ಇರಲಿ, ತಾಮ್ರಕ್ಕೆ ತಾಮ್ರ ನೇರ ಕೂರಬೇಕು. ಪ್ರೈಮರಿ, ಸೆಕೆಂಡರಿ ನಡುವೆ ಕಬ್ಬಿಣದ ಎರಡು ಸಣ್ಣ ಕಟ್ಟು ಇರುತ್ತವೆ, ಶಂಟ್ ಅಂತಾರೆ. ಕರೆಂಟ್ ಮಿತಿ ಮೀರದ ಹಾಗೆ ನೋಡಿಕೊಳ್ಳೋದು ಅವುಗಳ ಕೆಲಸ. ವೆಲ್ಡರ್‌ಗೆ ಅವು ಬೇಡ, ತೆಗೆದುಬಿಡಿ.

ಮತ್ತೆ, ಕಾಲಿನ ಸ್ವಿಚ್ ಒತ್ತಿ ಅಂದಾಜಿನಲ್ಲಿ ವೆಲ್ಡ್ ಮಾಡೋದು ತಗಡಿಗೆ ಸರಿ, ಲಿಥಿಯಂ ಸೆಲ್‌ಗೆ ಬೇಡವೇ ಬೇಡ. ನಮ್ಮ ಕರೆಂಟ್‌ನ ಒಂದು ಆವರ್ತ 20 ಮಿಲಿಸೆಕೆಂಡ್. ನಿಮ್ಮ ಪಟ್ಟಿಗೆ ಎರಡು ಮೂರು ಆವರ್ತ ಸಾಕು. ಕಾಲಿಗೆ ಅಷ್ಟು ಚುರುಕು ಎಲ್ಲಿಂದ ಬರಬೇಕು? ಸೆಲ್‌ನ ತಗಡು ತೂತು ಬಿದ್ದರೆ ಬೆಂಕಿ. ಆರ್ಡುಯಿನೋ (ಪ್ರೋಗ್ರಾಂ ಬರೆಯಬಹುದಾದ ಸಣ್ಣ ಬೋರ್ಡ್) ಮತ್ತು ಸಾಲಿಡ್ ಸ್ಟೇಟ್ ರಿಲೇ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ ಟೈಮರ್ ಮಾಡಿ. ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಗುಡಿ ಸುತ್ತಮುತ್ತ ಎಲ್ಲಾ ಸಿಗುತ್ತದೆ. ಮೊದಲು ಸತ್ತ ಸೆಲ್‌ನ ಖಾಲಿ ಡಬ್ಬಿ ಮೇಲೆ ಕೈ ಪಳಗಿಸಿ.

ವಾಸ್ಕೋ ವೈರ್‌ಮ್ಯಾನ್
ರಿಲೇ ಬಗ್ಗೆ ಒಂದು ಮಾತು. ಅಂಗಡಿಯವರು ಝೀರೋ ಕ್ರಾಸಿಂಗ್‌ದು ಕೊಡುತ್ತಾರೆ. ಹೀಟರ್‌ಗೆ ಅದು ಛಲೋ, ಟ್ರಾನ್ಸ್‌ಫಾರ್ಮರ್‌ಗೆ ಉಲ್ಟಾ. ವೋಲ್ಟೇಜ್ ಸೊನ್ನೆ ಇದ್ದಾಗ ಆನ್ ಆದರೇ ಮೊದಲ ಎಳೆತ ಅತಿ ಜೋರು, ಮತ್ತೆ ಎಂಸಿಬಿ ಬೀಳುತ್ತದೆ. ಯಾವಾಗ ಬೇಕಾದರೂ ಆನ್ ಆಗುವ ರಿಲೇ ಕೇಳಿ ತಗೊಂಡು, ಅಲೆ ತುದಿಗೆ ಬಂದಾಗ ಆನ್ ಆಗುವ ಹಾಗೆ ಪ್ರೋಗ್ರಾಂ ಬರೆಯಿರಿ. 16 ಆಂಪಿಯರ್ ಸಾಕೆಟ್‌ಗೇ ಹಾಕಿ, ಕೋರ್‌ಗೆ ಅರ್ಥ್ ಕೊಡಿ.

ಕೋಥ್ರೂಡ್ ಕಾರ್ಪೆಂಟರ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರವೂ ಇಂಥ ಟ್ರಾನ್ಸ್‌ಫಾರ್ಮರ್ ಇದೆ, ಜುನಾ ಬಜಾರ್‌ನಲ್ಲಿ ಸಿಕ್ಕಿತು. ಸೆಕೆಂಡರಿ ಹಾಗೇ ಇದೆ. ಹಲಗೆಗೆ ಸೋಡಾ ನೀರು ಹಚ್ಚಿ ಎರಡು ವೈರ್ ಇಟ್ಟರೆ ಮಿಂಚಿನ ಹಾಗೆ ಕವಲು ಕವಲಾಗಿ ಸುಡುತ್ತದಲ್ಲ, ಮನೆಯ ಹೆಸರಿನ ಫಲಕಕ್ಕೆ ಹಾಗೆ ಮಾಡೋಣ ಅಂತ. ಮನೆಯಲ್ಲಿ ಆರ್‌ಸಿಸಿಬಿ ಇದೆ, ಹಾಗಾಗಿ ಭಯ ಇಲ್ಲ ಅಲ್ವಾ?

ಡೊಂಬಿವಲಿ ಮೆಕ್ಯಾನಿಕ್
ಕಾರ್ಪೆಂಟರ್ ಅವರೇ, ಅದನ್ನು ಪ್ಲಗ್‌ಗೆ ಹಾಕಬೇಡಿ. ಇವತ್ತು ಬೇಡ, ಯಾವತ್ತೂ ಬೇಡ.

ಆರ್‌ಸಿಸಿಬಿ ಏನು ಮಾಡುತ್ತದೆ? ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ನೋಡುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್‌ನ ಆ ಕಡೆಯ 2000 ವೋಲ್ಟ್ ಬೇರೆಯೇ ಸರ್ಕ್ಯೂಟ್. ಅದರ ಒಂದು ತುದಿ ಕೋರ್‌ಗೇ ಬೆಸೆದಿದೆ. ಇನ್ನೊಂದು ತುದಿಯಿಂದ ನಿಮ್ಮ ಕೈಗೆ, ಎದೆಗೆ, ಕಾಲಿಗೆ, ನೆಲಕ್ಕೆ ಬಂದು ಕೋರ್ ಸೇರುತ್ತದೆ. ಈ ಕಡೆ ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಸಮ ಸಮ ಬರುತ್ತಲೇ ಇರುತ್ತದೆ. ಆರ್‌ಸಿಸಿಬಿಗೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಎಂಸಿಬಿಯೂ ಬೀಳೋದಿಲ್ಲ. ಅದರ ಕಣ್ಣಿಗೆ ನೀವು ಅನ್ನ ಬೇಯಿಸೋ ಕುಕ್ಕರ್.

ಹಳೇ ಟಿವಿಯ 25,000 ವೋಲ್ಟ್ ತಿಂದು ಬದುಕಿದವರು ನಮ್ಮ ಲೈನ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬ. ಅದರ ಕರೆಂಟ್ ಬರೀ ಒಂದೆರಡು ಮಿಲಿಆಂಪಿಯರ್. ಇದು ಅರ್ಧ ಆಂಪಿಯರ್ ಮೇಲೆ ಕೊಡುತ್ತದೆ. ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಅಂತ ಮರಗೆಲಸದವರದೇ ಸಂಘ ಇದೆ. ಅವರೇ ತಮ್ಮ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದ್ದಾರೆ. ಈ ಕೆಲಸದಲ್ಲಿ 30ಕ್ಕೂ ಜಾಸ್ತಿ ಜನ ಸತ್ತಿದ್ದಾರೆ. ಅದರಲ್ಲಿ ಕರೆಂಟ್ ಕೆಲಸ ಚೆನ್ನಾಗಿ ಬಲ್ಲವರೂ ಇದ್ದಾರೆ.

ಫಲಕಕ್ಕೆ ಮರ ಸುಡುವ ಪೆನ್ ಬರುತ್ತದೆ, ತುದಿಗೆ ನಿಕ್ರೋಮ್ ತಂತಿ. ನಿಧಾನ, ಆದರೆ ಅಕ್ಷರ ನೀವು ಹೇಳಿದ ಕಡೆ ಬೀಳುತ್ತದೆ.

ಕೋಥ್ರೂಡ್ ಕಾರ್ಪೆಂಟರ್
ಕೈ ಕಾಲು ತಣ್ಣಗಾಯ್ತು. ನಾಳೆಯೇ ಹ್ಯಾಕ್ಸಾದಲ್ಲಿ ಸೆಕೆಂಡರಿ ಕೊಯ್ದುಬಿಡುತ್ತೇನೆ.

ವಾಸ್ಕೋ ವೈರ್‌ಮ್ಯಾನ್
ಒಳ್ಳೇದು. ಮ್ಯಾಗ್ನೆಟ್ರಾನ್ (ಓವನ್‌ನಲ್ಲಿ ಮೈಕ್ರೋವೇವ್ ಹುಟ್ಟಿಸುವ ಭಾಗ) ಇದ್ದವರಿಗೂ ಒಂದು ಮಾತು. ಅದರೊಳಗಿನ ಎರಡು ಉಂಗುರದ ಅಯಸ್ಕಾಂತ ಬೇಕಾದರೆ ತಗೊಳ್ಳಿ, ನೆಲಕ್ಕೆ ಬಿದ್ದ ಸ್ಕ್ರೂ ಆರಿಸೋಕೆ ಅಂಥದ್ದಿಲ್ಲ. ಪಿಂಗಾಣಿ ಭಾಗ ಒಡೆಯಬೇಡಿ, ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರೋದಿಲ್ಲ. ಓವನ್ ಡಬ್ಬಿಯ ಹೊರಗೆ ಮ್ಯಾಗ್ನೆಟ್ರಾನ್ ಓಡಿಸೋದಂತೂ ಮಾತೇ ಇಲ್ಲ, ಮೊದಲು ಹೋಗೋದು ಕಣ್ಣು.

ಉಳಿದದ್ದೆಲ್ಲಾ ಬಂಗಾರ. ಬಾಗಿಲಿನ ಮೂರು ಮೈಕ್ರೋಸ್ವಿಚ್ 16 ಆಂಪಿಯರ್ ತಡೆಯುವಂಥವು. ಶಾಖಕ್ಕೆ ಬೀಳುವ ಥರ್ಮಲ್ ಕಟ್‌ಔಟ್ ಇದೆ. ಫ್ಯಾನ್‌ಅನ್ನು ಬೆಸುಗೆ ಹೊಗೆ ಎಳೆಯೋಕೆ ನಾನು ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ಇಲ್ಲಿನ ಮಳೆಗಾಲದ ಉಪ್ಪು ಗಾಳಿಗೆ ಅದರ ತಗಡು ಚೌಕಟ್ಟು ತುಕ್ಕು ಹಿಡಿದು ಉದುರಿತು, ಮೋಟಾರ್ ಮಾತ್ರ ಇನ್ನೂ ತಿರುಗುತ್ತಿದೆ.

ಭೋಸರಿ ಬ್ಯಾಟರಿ
ಹನ್ನೆರಡು ದಿನದ ನಂತರ ಬಂದೆ. ಅಂಟು ಕೆರೆದು, ಉಜ್ಜಿ, ವೆಲ್ಡಿಂಗ್ ಹಾಕಿಸಿದೆ. ಬಲ್ಬ್ ಮಂಕು. ಹೊರೆ ಇಲ್ಲದೆ 2.8 ಆಂಪಿಯರ್. ಗುಂಯ್ ಅನ್ನೋದು ಈಗ ಫ್ರಿಜ್‌ನಷ್ಟೇ. 50 ಚದರ ಮಿ.ಮೀ. ಕೇಬಲ್ ತುರುಕುವಾಗ ಬೆರಳು ಸುಲಿಯಿತು. 40 ಮಿಲಿಸೆಕೆಂಡ್‌ಗೆ ಪಟ್ಟಿ ಹಿಡಿಯಿತು. ಇಕ್ಕಳದಲ್ಲಿ ಎಳೆದೆ, ಪಟ್ಟಿಯೇ ಹರಿದು ಎರಡು ಚುಕ್ಕೆ ಡಬ್ಬಿ ಮೇಲೇ ಉಳಿದವು!

ಇನ್ನೊಂದು ಸಣ್ಣ ತೊಂದರೆ. ಓವನ್‌ನ ತಟ್ಟೆ ತಿರುಗಿಸುವ ಮೋಟಾರ್ ಇದೆಯಲ್ಲ, ಅದನ್ನು ಗಣಪತಿಯ ಹಿಂದಿನ ಪ್ರಭಾವಳಿಗೆ ಹಾಕಿದೆ. ಒಮ್ಮೆ ಎಡಕ್ಕೆ ತಿರುಗುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಬಲಕ್ಕೆ. ವೈರ್ ಅದಲು ಬದಲು ಮಾಡಿದೆ, ಪ್ರಯೋಜನ ಇಲ್ಲ.

ಡೊಂಬಿವಲಿ ಮೆಕ್ಯಾನಿಕ್
ಅದು ಸಿಂಕ್ರೊನಸ್ ಮೋಟಾರ್, ಯಾವ ಕಡೆ ಬೇಕಾದರೂ ಶುರುವಾಗುತ್ತದೆ. ಬೇಡದ ದಿಕ್ಕಿಗೆ ಹೊರಟಾಗ ತಡೆ ಸಿಕ್ಕರೆ ತಾನೇ ತಿರುಗಿಕೊಳ್ಳುತ್ತದೆ. ಒಂದೇ ಕಡೆ ಜಾರುವ ಹಾಗೆ ಪ್ಲಾಸ್ಟಿಕ್ ನಾಲಿಗೆ ಒಂದು ಕೂರಿಸಿ. ಮೋಟಾರ್ ಮೇಲಿನ ಚೀಟಿಯನ್ನೂ ಓದಿ. ಕೆಲವು 21 ವೋಲ್ಟ್‌ನವು, ಕೆಲವು 230. ಓಡುತ್ತಿದೆ ಅಂದಮೇಲೆ ನಿಮ್ಮದು 230ರದೇ ಇರಬೇಕು, ಹಾಗಾಗಿ ಜಾಯಿಂಟ್ ಮೇಲೆ ಕೊಳವೆ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಡಬ್ಬಿಯೊಳಗೆ ಮುಚ್ಚಿ. ಹೂವಿನ ನೀರು ಅದರ ಮೇಲೇ ಸೋರುತ್ತದೆ.

ಭೋಸರಿ ಬ್ಯಾಟರಿ
ಚೀಟಿ ನೋಡಿದೆ, 230 ಅಂತಲೇ ಇದೆ. ಐಸ್‌ಕ್ರೀಂ ಡಬ್ಬಿಯಲ್ಲಿ ಮುಚ್ಚಿ ಮಂಟಪದ ಕೆಳಗೆ ಹಾಕಿದೆ. ನಾಲಿಗೆಗೆ ಹಳೇ ಎಟಿಎಂ ಕಾರ್ಡ್ ಕತ್ತರಿಸಿದೆ. ಈಗ ಬಲಕ್ಕೇ ತಿರುಗುತ್ತಿದೆ.